ನಿಶ್ಶಸ್ತ್ರೀಕರಣ ಮತ್ತು ಹೊಸ ತಂತ್ರಜ್ಞಾನ ನೀತಿಯಲ್ಲಿ ಇಂಟರ್ನ್‌ಶಿಪ್: ಬೆಂಗಳೂರಿನ ವಿದ್ಯಾರ್ಥಿಗಳಿಗೆ ಒಂದು ಮಾರ್ಗದರ್ಶಿ

ನಿಶ್ಶಸ್ತ್ರೀಕರಣವೆಂದರೆ ರಾಜತಾಂತ್ರಿಕರಿಗೂ ರಾಜ್ಯಶಾಸ್ತ್ರ ಓದಿದವರಿಗೂ ಮೀಸಲಾದ ಕ್ಷೇತ್ರವೆಂದು ಭಾವಿಸಿ ನಮ್ಮ ಇಂಜಿನಿಯರಿಂಗ್ ಮತ್ತು ವಿಜ್ಞಾನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಅದರತ್ತ ತಲೆಯನ್ನೇ ಹಾಕುವುದಿಲ್ಲ. ಆದರೆ ಇಂದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ನಡೆಯುವ ನಿಶ್ಶಸ್ತ್ರೀಕರಣ ಸಭೆಗಳಲ್ಲಿ ವಾದಕ್ಕೆ ಬರುತ್ತಿರುವ ಸಂಗತಿಗಳು, ಅಂದರೆ ಗುರಿಯನ್ನು ತಾನೇ ಆರಿಸಿಕೊಳ್ಳುವ ಆಯುಧ, ಉಪಗ್ರಹಗಳ ಸುರಕ್ಷತೆ, ಪ್ರಯೋಗಾಲಯದಲ್ಲಿ ಮಾರ್ಪಡಿಸಿದ ಸೂಕ್ಷ್ಮಜೀವಿಗಳು, ತಂತ್ರಜ್ಞಾನ ಬಲ್ಲವರಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲಾರವು. ಕಾನೂನು ಓದಿದವರಿಗೆ ಒಪ್ಪಂದದ ಭಾಷೆ ಗೊತ್ತಿರುತ್ತದೆ. ಸಂವೇದಕ ಎಲ್ಲಿ ಎಡವುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ. ಈ ಕ್ಷೇತ್ರದಲ್ಲಿ ಇಂಟರ್ನ್‌ಶಿಪ್ ಬಯಸುವವರು ಮೊದಲು ಅರ್ಜಿ ನಮೂನೆಯನ್ನು ಹುಡುಕದೆ, ಒಂದು ಪ್ರಶ್ನೆಯನ್ನು ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಪ್ರಶ್ನೆ ಚಿಕ್ಕದಾಗಿರಲಿ. 'ಕೃತಕ ಬುದ್ಧಿಮತ್ತೆ ಮತ್ತು ಯುದ್ಧ' ಎಂಬುದು ಪ್ರಶ್ನೆಯಲ್ಲ, ಗ್ರಂಥಾಲಯದ ಒಂದು ಕಪಾಟು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕೆಲವು ಸಾಂಪ್ರದಾಯಿಕ ಆಯುಧಗಳ ಬಳಕೆಯನ್ನು ನಿರ್ಬಂಧಿಸುವ 1980ರ ಒಪ್ಪಂದದ ಅಡಿಯಲ್ಲಿ ಸ್ವಾಯತ್ತ ಮಾರಕಾಸ್ತ್ರಗಳ, ಅಂದರೆ ಗುರಿಯನ್ನು ತಾವೇ ಆರಿಸಿಕೊಳ್ಳುವ ಆಯುಧಗಳ ಕುರಿತು ಸರ್ಕಾರಿ ತಜ್ಞರ ಗುಂಪೊಂದು 2017ರಿಂದ ಸಭೆ ಸೇರುತ್ತಿದೆ. ಅದರ ಮೊದಲ ಅಧ್ಯಕ್ಷರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. 2019ರಲ್ಲಿ ಹನ್ನೊಂದು ಮಾರ್ಗದರ್ಶಿ ತತ್ವಗಳಿಗೆ ಸದಸ್ಯ ರಾಷ್ಟ್ರಗಳು ಒಪ್ಪಿಗೆ ಸೂಚಿಸಿದವು. ಹೊಣೆಗಾರಿಕೆಯನ್ನು ಯಂತ್ರಕ್ಕೆ ವರ್ಗಾಯಿಸಲಾಗದು ಎಂಬುದು ಅವುಗಳಲ್ಲೊಂದು. ಹೀಗಿದ್ದೂ, ಇದೇ ಆಯುಧಗಳ ಬಗ್ಗೆ 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದ ನಿರ್ಣಯದ ವಿರುದ್ಧ ಭಾರತ ಮತ ಹಾಕಿತು. ಚರ್ಚೆಯನ್ನು ಆರಂಭದಲ್ಲಿ ಮುನ್ನಡೆಸಿದ ದೇಶವೇ ನಿರ್ಣಯವನ್ನು ಏಕೆ ವಿರೋಧಿಸಿತು? ಎರಡು ಪುಟದ ಟಿಪ್ಪಣಿಗೆ ಇದು ಹೇಳಿ ಮಾಡಿಸಿದ ಪ್ರಶ್ನೆ.

ಉತ್ತರಕ್ಕಾಗಿ ಪತ್ರಿಕೆಗಳ ಅಭಿಪ್ರಾಯ ಲೇಖನಗಳನ್ನು ಓದುವ ಮೊದಲು ಮೂಲ ದಾಖಲೆಗಳನ್ನು ಓದಬೇಕು. ತಜ್ಞರ ಗುಂಪಿನ 2019ರ ವರದಿ, ಮತದಾನದ ಸಂದರ್ಭದಲ್ಲಿ ಭಾರತ ನೀಡಿದ ವಿವರಣೆ, ನಿರ್ಣಯದ ಪಠ್ಯ, ಈ ಮೂರೂ ವಿಶ್ವಸಂಸ್ಥೆಯ ಜಾಲತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಭಾರತದ ವಾದದ ತಿರುಳು ವೇದಿಕೆಗೆ ಸಂಬಂಧಿಸಿದ್ದು: ಈ ಚರ್ಚೆಗೆ 1980ರ ಒಪ್ಪಂದವೇ ತಕ್ಕ ಸ್ಥಳ, ಇನ್ನೊಂದು ಸಮಾನಾಂತರ ವ್ಯವಸ್ಥೆ ಬೇಡ ಎಂಬುದು. ನಿಮ್ಮ ಟಿಪ್ಪಣಿಯ ಮೊದಲ ಅರ್ಧ ಪುಟದಲ್ಲಿ ಇದನ್ನು ನ್ಯಾಯವಾಗಿ ನಿರೂಪಿಸಿ, ನಂತರ ವಿರುದ್ಧ ಪಕ್ಷದ ಅತ್ಯಂತ ಬಲವಾದ ವಾದವನ್ನು ಅಷ್ಟೇ ನ್ಯಾಯವಾಗಿ ಇಟ್ಟು, ಕೊನೆಗೆ ನಿಮ್ಮ ತಾಂತ್ರಿಕ ತಿಳಿವಳಿಕೆಯಿಂದ ಮಾತ್ರ ಹೇಳಬಲ್ಲ ಒಂದು ಅಂಶವನ್ನು ಸೇರಿಸಿ. ಉದಾಹರಣೆಗೆ, ತರಬೇತಿಯಲ್ಲಿ ಬಳಸಿದ ಚಿತ್ರಗಳಿಗೂ ರಣರಂಗದ ಧೂಳು, ಹೊಗೆ, ಮಬ್ಬು ಬೆಳಕಿಗೂ ಇರುವ ಅಂತರದಿಂದಾಗಿ ಗುರಿ ಗುರುತಿಸುವ ತಂತ್ರಾಂಶ ಹೇಗೆ ತಪ್ಪುತ್ತದೆ ಎಂಬುದನ್ನು ವಿವರಿಸಬಹುದು. ಇಂಥ ಒಂದು ಟಿಪ್ಪಣಿ ಹತ್ತು ಮಾದರಿ ವಿಶ್ವಸಂಸ್ಥೆ ಸ್ಪರ್ಧೆಗಳ ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಗುತ್ತದೆ. (ಆ ಸ್ಪರ್ಧೆಗಳು ಮಾತಿನ ಧೈರ್ಯ ಕೊಡುತ್ತವೆ, ನಿಜ, ಆದರೆ ಆಯ್ಕೆ ಮಾಡುವವರ ಮೇಜಿನ ಮೇಲೆ ಅವು ರಾಶಿಯಾಗಿ ಬಿದ್ದಿರುತ್ತವೆ.)

ಮೊದಲ ಅವಕಾಶವನ್ನು ಊರಲ್ಲೇ ಹುಡುಕುವುದು ಜಾಣತನ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಅಂದರೆ ನಿಯಾಸ್, ಪರಮಾಣು, ಕ್ಷಿಪಣಿ ಮತ್ತು ಬಾಹ್ಯಾಕಾಶ ಭದ್ರತೆಯ ಬಗ್ಗೆ ದೀರ್ಘಕಾಲದಿಂದ ಕೆಲಸ ಮಾಡುತ್ತಿದೆ. 1974ರ ಪೋಖ್ರಾನ್ ಪರಮಾಣು ಪರೀಕ್ಷೆಯ ಹಿಂದಿದ್ದ ರಾಜಾ ರಾಮಣ್ಣನವರೇ ಅದರ ಮೊದಲ ನಿರ್ದೇಶಕರಾಗಿದ್ದರು. ಅರೆವಾಹಕ, ಕೃತಕ ಬುದ್ಧಿಮತ್ತೆ, ಜೈವಿಕ ತಂತ್ರಜ್ಞಾನಗಳ ರಾಜಕಾರಣವನ್ನು ಅಧ್ಯಯನ ಮಾಡುವ ತಕ್ಷಶಿಲಾ ಸಂಸ್ಥೆಯೂ ಬೆಂಗಳೂರಿನದೇ. ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಅಧ್ಯಾಪಕರ ಸಂಶೋಧನೆಗೆ ಸಹಾಯಕರಾಗಿ ಸೇರುವ ಸಾಧ್ಯತೆಯನ್ನೂ ವಿಚಾರಿಸಬಹುದು. ಜಾಹೀರಾತು ಇಲ್ಲದಿದ್ದರೂ ಸಂಶೋಧಕರೊಬ್ಬರ ಇತ್ತೀಚಿನ ಪ್ರಬಂಧವನ್ನು ಓದಿ, ಅದರ ಬಗ್ಗೆ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ, ಟಿಪ್ಪಣಿಯನ್ನು ಲಗತ್ತಿಸಿ ಇಮೇಲ್ ಬರೆಯುವುದರಲ್ಲಿ ತಪ್ಪೇನೂ ಇಲ್ಲ. ದೆಹಲಿಗೆ ಹೋಗಲು ಸಿದ್ಧರಿರುವವರು ಮನೋಹರ್ ಪರಿಕ್ಕರ್ ರಕ್ಷಣಾ ಅಧ್ಯಯನ ಸಂಸ್ಥೆಯನ್ನೂ ವಿದೇಶಾಂಗ ಸಚಿವಾಲಯದ ಇಂಟರ್ನ್‌ಶಿಪ್ ಯೋಜನೆಯನ್ನೂ ನೋಡಬೇಕು.

ಇನ್ನು ಹೊರದೇಶದ ಮಾತು. ವಿಶ್ವಸಂಸ್ಥೆಯ ನಿಶ್ಶಸ್ತ್ರೀಕರಣ ವ್ಯವಹಾರಗಳ ಕಚೇರಿ ನ್ಯೂಯಾರ್ಕ್‌ನಲ್ಲಿದ್ದು, ಜಿನೀವಾ ಮತ್ತು ವಿಯೆನ್ನಾಗಳಲ್ಲಿ ಶಾಖೆಗಳನ್ನು ಹೊಂದಿದೆ. 1980ರಲ್ಲಿ ಸ್ಥಾಪನೆಯಾದ ನಿಶ್ಶಸ್ತ್ರೀಕರಣ ಸಂಶೋಧನಾ ಸಂಸ್ಥೆ ಯುನಿಡಿರ್ ಜಿನೀವಾದಲ್ಲಿದೆ. ರಸಾಯನಶಾಸ್ತ್ರದವರಿಗೆ ಹೇಗ್‌ನ ರಾಸಾಯನಿಕ ಅಸ್ತ್ರ ನಿಷೇಧ ಸಂಘಟನೆ ಸಹಜವಾದ ಗುರಿ. ಪರಮಾಣು ಕ್ಷೇತ್ರದಲ್ಲಿ ಸ್ನಾತಕೋತ್ತರ ಪದವಿ ಓದುವ ಹೆಣ್ಣುಮಕ್ಕಳಿಗಾಗಿ ವಿಯೆನ್ನಾದ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮೇರಿ ಕ್ಯೂರಿ ಹೆಸರಿನಲ್ಲಿ ವಿದ್ಯಾರ್ಥಿವೇತನವನ್ನೂ ಅದರೊಂದಿಗೆ ಇಂಟರ್ನ್‌ಶಿಪ್‌ನ ಅವಕಾಶವನ್ನೂ ನೀಡುತ್ತದೆ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಪದವಿಯ ಅಂತಿಮ ವರ್ಷದಲ್ಲಿರುವವರು, ಸ್ನಾತಕೋತ್ತರ ಅಥವಾ ಪಿಎಚ್‌ಡಿ ವಿದ್ಯಾರ್ಥಿಗಳು ಮತ್ತು ಪದವಿ ಮುಗಿಸಿ ಒಂದು ವರ್ಷ ದಾಟದವರು ಅರ್ಹರು. ಅವಧಿ ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು.

ಇಲ್ಲಿ ಹಣದ ವಿಷಯವನ್ನು ಮುಚ್ಚಿಡದೆ ಹೇಳಬೇಕು. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಗಳಿಗೆ ಸಂಬಳವಿಲ್ಲ. ವಿಮಾನ, ವೀಸಾ, ವಿಮೆ, ಬಾಡಿಗೆ ಎಲ್ಲವೂ ಅಭ್ಯರ್ಥಿಯದೇ, ಮತ್ತು ಜಿನೀವಾ ಜಗತ್ತಿನ ಅತಿ ದುಬಾರಿ ನಗರಗಳಲ್ಲೊಂದು. ಮನೆಯವರು ಸಾಲ ಮಾಡಿ ಕಳುಹಿಸುವಷ್ಟು ದೊಡ್ಡ ಲಾಭ ಇದರಲ್ಲಿಲ್ಲ ಎಂದು ನನಗನಿಸುತ್ತದೆ. ಕಾಲೇಜಿನ ಅನುದಾನವೋ ವಿದ್ಯಾರ್ಥಿವೇತನವೋ ಖಚಿತವಾದ ಮೇಲೆ ಹೋಗುವುದು, ಇಲ್ಲವೇ ಮನೆಯಿಂದಲೇ ಮಾಡಬಹುದಾದ ಅವಕಾಶವನ್ನು ಹುಡುಕುವುದು ಮೇಲು. ವಿಶ್ವಸಂಸ್ಥೆ ನೇಮಕಾತಿಯ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. 'ಜಿನೀವಾ ಇಂಟರ್ನ್‌ಶಿಪ್ ಕೊಡಿಸುತ್ತೇವೆ' ಎಂದು ದುಡ್ಡು ಕೇಳುವವರಿಂದ ದೂರವಿರಿ.

ಅರ್ಜಿಯ ಜೊತೆಗಿನ ಪತ್ರವನ್ನು 'ಬಾಲ್ಯದಿಂದಲೂ ನನಗೆ ವಿಶ್ವಶಾಂತಿಯಲ್ಲಿ ಅಪಾರ ಆಸಕ್ತಿ' ಎಂದು ಆರಂಭಿಸಿದರೆ ಓದುವವರು ಎರಡನೆಯ ವಾಕ್ಯಕ್ಕೆ ಬರುವುದು ಕಷ್ಟ. ಅದರ ಬದಲು, 'ಬಳಕೆ ಮುಗಿದ ಉಪಗ್ರಹವನ್ನು ಹಿಡಿದು ಕಕ್ಷೆಯಿಂದ ಇಳಿಸುವ ತಂತ್ರಜ್ಞಾನವೇ ಬೇರೆ ದೇಶದ ಉಪಗ್ರಹವನ್ನು ಕೆಡಿಸಲೂ ಬಳಕೆಯಾಗಬಹುದು. ಎರಡನ್ನೂ ನೆಲದಿಂದ ಪ್ರತ್ಯೇಕಿಸಿ ಗುರುತಿಸಬಹುದೇ ಎಂಬುದರ ಬಗ್ಗೆ ನಾನು ಬರೆದ ಟಿಪ್ಪಣಿಯನ್ನು ಲಗತ್ತಿಸಿದ್ದೇನೆ' ಎಂದು ಬರೆಯಿರಿ. ಆ ಸಂಸ್ಥೆಯ ಯಾವ ಕಾರ್ಯಕ್ರಮಕ್ಕೆ ಇದು ಹೊಂದುತ್ತದೆ ಎಂಬುದನ್ನು ಮುಂದಿನ ವಾಕ್ಯದಲ್ಲೇ ತಿಳಿಸಿ. ಒಂದು ಪುಟ ಸಾಕು.

ಸಮಯದ ಲೆಕ್ಕವೂ ಮುಖ್ಯ. ನಿಶ್ಶಸ್ತ್ರೀಕರಣದ ವಿಷಯಗಳನ್ನು ಚರ್ಚಿಸುವ, ವಿಶ್ವಸಂಸ್ಥೆಯ ಮಹಾಸಭೆಯ ಮೊದಲ ಸಮಿತಿ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸೇರುತ್ತದೆ; ಆ ಅವಧಿಯಲ್ಲಿ ಅಲ್ಲಿರಬೇಕಾದರೆ ಹಿಂದಿನ ಚಳಿಗಾಲದಿಂದಲೇ ತಯಾರಿ ನಡೆಸಬೇಕು. ನೀತಿ ಸಂಸ್ಥೆಯ ಕೆಲಸವನ್ನು ಇಂಟರ್ನ್‌ಶಿಪ್ ಕ್ರೆಡಿಟ್‌ಗೆ ಪರಿಗಣಿಸುತ್ತಾರೆಯೇ ಎಂಬುದನ್ನು ವಿಭಾಗದ ಮುಖ್ಯಸ್ಥರಿಂದ ಮೊದಲೇ ಲಿಖಿತವಾಗಿ ತಿಳಿದುಕೊಂಡು, ಎನ್‌ಒಸಿ ಪಡೆದಿಟ್ಟುಕೊಳ್ಳಿ. ಸ್ವಿಟ್ಜರ್ಲೆಂಡ್ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಅನ್ವಯಿಸುವ ಷೆಂಗೆನ್‌ನ ಅಲ್ಪಾವಧಿ ವೀಸಾದಲ್ಲಿ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದಾದ್ದರಿಂದ, ಅದಕ್ಕಿಂತ ದೀರ್ಘವಾದ ಇಂಟರ್ನ್‌ಶಿಪ್‌ಗೆ ಬೇರೆ ಬಗೆಯ ವೀಸಾ ಬೇಕಾಗುತ್ತದೆ.

ಬೆಂಗಳೂರಿನವರಿಗೆ ವಿಶೇಷವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ನಮ್ಮಲ್ಲಿ ಅನೇಕರು ರಕ್ಷಣಾ ಪ್ರಯೋಗಾಲಯಗಳಲ್ಲೋ ಬಾಹ್ಯಾಕಾಶ ಕಂಪನಿಗಳಲ್ಲೋ ಪ್ರಾಜೆಕ್ಟ್ ಮಾಡಿರುತ್ತಾರೆ. ಅಲ್ಲಿ ಕಂಡ ವಿನ್ಯಾಸವಾಗಲಿ, ಪರೀಕ್ಷೆಯ ಅಂಕಿಅಂಶವಾಗಲಿ ನಿಮ್ಮ ಟಿಪ್ಪಣಿಯಲ್ಲೂ ಸಂದರ್ಶನದಲ್ಲೂ ಸುಳಿಯಬಾರದು. ಸಾರ್ವಜನಿಕವಾಗಿ ಲಭ್ಯವಿರುವ ದಾಖಲೆಗಳನ್ನಷ್ಟೇ ಆಧರಿಸಿ. ದ್ವಿಬಳಕೆಯ, ಅಂದರೆ ನಾಗರಿಕ ಕೆಲಸಕ್ಕೂ ಸೇನೆಯ ಕೆಲಸಕ್ಕೂ ಬರುವ ವಸ್ತು, ತಂತ್ರಾಂಶ ಮತ್ತು ತಾಂತ್ರಿಕ ಮಾಹಿತಿಯ ರಫ್ತನ್ನು ನಿಯಂತ್ರಿಸುವ ಸ್ಕೋಮೆಟ್ ಪಟ್ಟಿಯನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಒಮ್ಮೆ ಓದಿ ನೋಡಿ: ವಿದೇಶಿ ಸಂಸ್ಥೆಗೆ ಕಳುಹಿಸುವ ಫೈಲಿನಲ್ಲಿ ಏನಿರಬಾರದು ಎಂಬುದರ ಅಂದಾಜು ಅದರಿಂದ ಸಿಗುತ್ತದೆ, ಮುಂದಿನ ಟಿಪ್ಪಣಿಗೆ ವಿಷಯವೂ ಅಲ್ಲೇ ಸಿಕ್ಕರೆ ಆಶ್ಚರ್ಯವಿಲ್ಲ.