ಪದೇ ಪದೇ ಜಾರುವ ಭುಜ: ಲಿಗಮೆಂಟ್ ಮರುಜೋಡಣೆಯಲ್ಲಿ ನನ್ನ ಅನುಭವ

ಪದೇ ಪದೇ ಮುಂದಕ್ಕೆ ಜಾರುವ ಭುಜದ ಚಿಕಿತ್ಸೆಯನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಪರಿಶೀಲಿಸುವುದು ಮೂಳೆಯನ್ನು, ಹರಿದ ಲಿಗಮೆಂಟಿನ (ಕೀಲಿನ ಮೂಳೆಗಳನ್ನು ಹಿಡಿದಿಡುವ ಪಟ್ಟಿಯಂಥ ಅಂಗಾಂಶದ) ವಿಚಾರ ಆಮೇಲಿನದು. ತೋಳಿನ ಮೂಳೆಯ ತಲೆ ಕೂರುವ ಗ್ಲೀನಾಯ್ಡ್ ಎಂಬ ಕುಳಿ ಸ್ವಭಾವತಃ ಆಳವಿಲ್ಲದ್ದು. ಕೀಲು ತಪ್ಪುತ್ತಾ ಹೋದಂತೆ ಅದರ ಮುಂದಿನ ಅಂಚು ಸವೆಯುತ್ತದೆ. ಎಂಆರ್‌ಐ ಜೊತೆಗೆ ಸಿಟಿ ಸ್ಕ್ಯಾನನ್ನೂ ಮಾಡಿಸಿ ಈ ಸವೆತವನ್ನು ಅಳೆಯುತ್ತೇನೆ. ಅದು ಶೇಕಡಾ 20–25ನ್ನು ಮೀರಿದ್ದರೆ ಹೊಲಿಗೆಯೊಂದನ್ನೇ ನಂಬುವುದಿಲ್ಲ. ಹೆಗಲಮೂಳೆಯ ಮುಂಚಾಚಾದ ಕೊರಕಾಯ್ಡ್‌ನ ತುಂಡನ್ನು ಅದಕ್ಕೆ ಅಂಟಿದ ಸ್ನಾಯುರಜ್ಜುವಿನ ಸಮೇತ ಅಂಚಿಗೆ ಕೂರಿಸುವ ಲಾತಾರ್ಜೆ ವಿಧಾನವನ್ನು ಆರಿಸಿಕೊಳ್ಳುತ್ತೇನೆ.

ಮೂಳೆ ಸಾಕಷ್ಟು ಉಳಿದಿದ್ದರೆ ಆರ್ತ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ, ಬ್ಯಾಂಕಾರ್ಟ್ ದುರಸ್ತಿ (ಕಿತ್ತುಬಂದ ಅಂಗಾಂಶವನ್ನು ಗ್ಲೀನಾಯ್ಡಿನ ಅಂಚಿಗೆ ಮತ್ತೆ ಹೊಲಿಯುವುದು) ಮಾಡುತ್ತೇನೆ. ಇದರಲ್ಲಿ ನಾನು ಹೆಚ್ಚು ಸಮಯ ಕೊಡುವುದು ಹೊಲಿಗೆಗಲ್ಲ, ಅದಕ್ಕೂ ಮುಂಚಿನ ಬಿಡಿಸುವ ಕೆಲಸಕ್ಕೆ. ಹಳೆಯ ಪ್ರಕರಣಗಳಲ್ಲಿ ಅಂಚಿನಿಂದ ಕಿತ್ತುಬಂದ ಲೇಬ್ರಮ್ (ಗ್ಲೀನಾಯ್ಡಿನ ಸುತ್ತಲಿನ ಮೆದು ಅಂಚುಪಟ್ಟಿ) ಮತ್ತು ಅದಕ್ಕೆ ಸೇರಿದ ಕೆಳಗಿನ ಲಿಗಮೆಂಟ್ ಗ್ಲೀನಾಯ್ಡಿನ ಕುತ್ತಿಗೆಯ ಮೇಲೆ ತಪ್ಪು ಜಾಗದಲ್ಲಿ ಅಂಟಿಕೊಂಡು ಮಾಯ್ದಿರುವುದುಂಟು. ಹಿಂದಿರುವ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವಿನ ಎಳೆಗಳು ಕಾಣುವವರೆಗೆ, ಅಂಗಾಂಶವು ತಾನಾಗಿಯೇ ಮೇಲೆದ್ದು ಅಂಚಿನ ಕಡೆಗೆ ಬರುವವರೆಗೆ ನಾನು ಅದನ್ನು ಬಿಡಿಸುತ್ತಲೇ ಇರುತ್ತೇನೆ. ಅರೆಬರೆ ಬಿಡಿಸಿದ ಲಿಗಮೆಂಟನ್ನು ಎಳೆದು ಕಟ್ಟಿದರೆ ಗಂಟು ಎಷ್ಟೇ ಬಿಗಿಯಾಗಿದ್ದರೂ ಅದು ಹಳೆಯ ಜಾಗಕ್ಕೇ ಹಿಂದೆಳೆಯುತ್ತದೆ. ನಂತರ ಮೂಳೆಯ ಮೇಲ್ಮೈಯನ್ನು ತುಸು ರಕ್ತ ಒಸರುವಷ್ಟು ಕೆರೆಯುತ್ತೇನೆ. ಅಂಗಾಂಶ ಬೆಸೆದುಕೊಳ್ಳಲು ಅದು ಅಗತ್ಯ.

ಮೊದಲ ಸೂಚರ್ ಆಂಕರನ್ನು (ಹೊಲಿಗೆ ದಾರವನ್ನು ಮೂಳೆಗೆ ಹಿಡಿದಿಡುವ ಪುಟ್ಟ ಗೂಟವನ್ನು) ಎಲ್ಲಕ್ಕಿಂತ ಕೆಳಗೆ, ಗ್ಲೀನಾಯ್ಡನ್ನು ಗಡಿಯಾರವೆಂದುಕೊಂಡರೆ ಬಲ ಭುಜದಲ್ಲಿ ಐದೂವರೆ ಗಂಟೆಯ ಸ್ಥಾನದ ಬಳಿ ಇಡುತ್ತೇನೆ. ಆಕ್ಸಿಲರಿ (ಕಂಕುಳಿನ) ನರ ಕ್ಯಾಪ್ಸೂಲಿನ, ಅಂದರೆ ಕೀಲನ್ನು ಸುತ್ತುವರಿದ ಚೀಲದ, ಕೆಳಗೆ ಹತ್ತಿರದಲ್ಲೇ ಸಾಗುವುದರಿಂದ ಇಲ್ಲಿ ಸೂಜಿ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದರ ಮೇಲೆ ಕಣ್ಣಿಟ್ಟಿರಬೇಕು. ಪ್ರತಿ ಹೊಲಿಗೆಯೂ ಆಂಕರಿಗಿಂತ ಕೆಳಗಿನ ಅಂಗಾಂಶವನ್ನು ಹಿಡಿದು ಮೇಲಕ್ಕೆ ತರಬೇಕು. ಸಡಿಲಗೊಂಡ ಕ್ಯಾಪ್ಸೂಲ್ ಬಿಗಿಗೊಳ್ಳುವುದು ಹೀಗೆ. ಆದರೆ ಅತಿಯಾಗಿ ಬಿಗಿದರೆ ತೋಳನ್ನು ಹೊರಕ್ಕೆ ತಿರುಗಿಸುವ ಚಲನೆ ಶಾಶ್ವತವಾಗಿ ಕಡಿಮೆಯಾಗಬಹುದು.

ಶಸ್ತ್ರಚಿಕಿತ್ಸೆಯ ನಂತರ ಸುಮಾರು ನಾಲ್ಕು ವಾರ ಸ್ಲಿಂಗ್ ಹಾಕಿಸುತ್ತೇನೆ, ಬೆರಳು ಮತ್ತು ಮೊಣಕೈಗಳ ಚಲನೆಯನ್ನು ಮಾತ್ರ ಮೊದಲಿನಿಂದಲೇ ಮಾಡಿಸುತ್ತೇನೆ. ನೋವು ಬೇಗ ಇಳಿಯುವುದರಿಂದ ಎರಡನೆಯ ತಿಂಗಳಲ್ಲಿ ರೋಗಿಗಳನ್ನು ತಡೆದು ನಿಲ್ಲಿಸುವುದೇ ಕಷ್ಟ. ಲಿಗಮೆಂಟ್ ಆಗಿನ್ನೂ ಬಲಿತಿರುವುದಿಲ್ಲ. ಮೈಗೆ ಮೈ ತಾಗುವ ಆಟಗಳಿಗೆ ಆರು ತಿಂಗಳಿಗೆ ಮೊದಲು ಅನುಮತಿ ಕೊಡುವುದಿಲ್ಲ. ಆಗಲೂ, ತೋಳನ್ನು ಪಕ್ಕಕ್ಕೆತ್ತಿ ಹೊರಕ್ಕೆ ತಿರುಗಿಸಿದಾಗ ಭುಜ ಜಾರೀತೆಂಬ ಅಳುಕು ರೋಗಿಯಲ್ಲಿ ಕಂಡರೆ, ಫಿಸಿಯೋಥೆರಪಿಯನ್ನು ಮುಂದುವರಿಸಿ ಆಟವನ್ನು ಮುಂದೂಡುತ್ತೇನೆ.