ಶುಗರ್ ಇಳಿದಾಗ ನನ್ನ ಮಗ್ಗಿ ತಪ್ಪುತ್ತಿತ್ತು

ನಾನು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಗುಮಾಸ್ತ. ದಲಾಲಿ ಅಂಗಡಿಯಲ್ಲಿ ಕೂತು ರೈತರ ಪಟ್ಟಿ, ಅಂದರೆ ಅವರ ಮಾಲಿನ ತೂಕ, ದರ, ಹಣದ ಚೀಟಿ, ಬರೆಯೋದು 28 ವರ್ಷದಿಂದ ನನ್ನ ಕೆಲಸ. ಈಗ ಕಂಪ್ಯೂಟರ್ ಬಂದಿದೆ. ಆದರೂ ನಾನು ಮೊದಲು ಬಾಯಲ್ಲೇ ಲೆಕ್ಕ ಹಾಕಿ, ಆಮೇಲೆ ಒತ್ತುವವನು. ಶುಗರ್ ಬಂದು 9 ವರ್ಷ ಆಯ್ತು.

ಎರಡು ವರ್ಷದ ಹಿಂದಿನ ಮಾತು. ಟೆಂಡರ್ ದಿನ, ಅಂದರೆ ವ್ಯಾಪಾರಿಗಳು ಮಾಲಿಗೆ ದರ ಹಾಕೋ ದಿನ, ಮಧ್ಯಾಹ್ನ ಹನ್ನೆರಡೂವರೆ. 142 ಕಿಲೋ ಕಾಯಿ, ಕ್ವಿಂಟಲಿಗೆ 18,500. ಪಟ್ಟಿಯಲ್ಲಿ 26,270 ಬರೆಯಬೇಕಾದಲ್ಲಿ 26,720 ಬರೆದಿದ್ದೆ. ರೈತನ ಮಗ ಫೋನಿನಲ್ಲಿ ಒತ್ತಿ ನೋಡಿ, "ಕಾಕಾ, 450 ರೂಪಾಯಿ ಜಾಸ್ತಿ ಬರದೀರಲ್ರೀ" ಅಂದ. ಅವನು ಸುಮ್ನಿದ್ದಿದ್ದರೆ ಅಷ್ಟೂ ನನ್ನ ಪಗಾರದಲ್ಲಿ ಹೋಗುತ್ತಿತ್ತು. ನಾನು ಅವನ ಮೇಲೇ ರೇಗಿದೆ: "ನನಗ ಲೆಕ್ಕ ಕಲಸ್ತೀಯೇನು?" ಮತ್ತೆ ಮತ್ತೆ ಹಾಕಿ ನೋಡಿದರೂ ನನಗೆ 26,720 ಸರಿಯಾಗೇ ಕಾಣುತ್ತಿತ್ತು.

ಆ ತಿಂಗಳಲ್ಲಿ ಅಂಥದ್ದು ಅದು ನಾಲ್ಕನೆಯದು. ಅಪ್ಪನಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ನನಗೂ ಶುರುವಾಯ್ತು ಅಂದುಕೊಂಡೆ. ಮನೆಯಲ್ಲಿ ಹೇಳಲಿಲ್ಲ.

ಒಂದು ರಾತ್ರಿ ಕಾರ್ಬನ್ ಪ್ರತಿಗಳನ್ನು ಹರಡಿಕೊಂಡು ಕೂತೆ. ತಪ್ಪಿದ ಪಟ್ಟಿಗಳೆಲ್ಲ ಟೆಂಡರ್ ದಿನದವು. ಅದೂ ಹನ್ನೊಂದರಿಂದ ಒಂದರ ನಡುವೆ ಬರೆದವು. ಟೆಂಡರ್ ದಿನ ನನಗೆ ತಿಂಡಿ ಅಂದರೆ ಚಹಾ, ಎರಡು ಬಿಸ್ಕತ್ತು. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಎರಡೂ.

ಹಾಗಾಗಿ ಒಂದು ನೋಟ್‌ಬುಕ್ ಮಾಡಿದೆ. ಹತ್ತು ಗುಣಾಕಾರ, ಫೋನಿನಲ್ಲಿ ಟೈಮ್ ಹಚ್ಚಿ ಬಿಡಿಸೋದು. ಆಮೇಲೆ ಬೆರಳು ಚುಚ್ಚಿ ಶುಗರ್ ಬರೆಯೋದು. ಮೊದಲ ವಾರ ಉಲ್ಟಾ ಮಾಡಿದ್ದೆ. ಮಶೀನಿನಲ್ಲಿ 65 ಅಂತ ಕಂಡ ಮೇಲೆ ಲೆಕ್ಕ ತಪ್ಪದೇ ಇರುತ್ತಾ? ಹೆದರಿಕೆಗೇ ತಪ್ಪುತ್ತೆ. ಆಮೇಲೆ ಮೊದಲು ಲೆಕ್ಕ, ನಂತರ ಮಶೀನು. ಬೆವರು, ನಡುಕ ಬಂದ ದಿನ ಮಾತ್ರ ಲೆಕ್ಕಗಿಕ್ಕ ಇಲ್ಲ, ಸೀದಾ ಸಕ್ಕರೆ ಬಾಯಿಗೆ. ಸ್ಟ್ರಿಪ್ ತುಟ್ಟಿ, ಅದಕ್ಕೇ ವಾರಕ್ಕೆ ಮೂರೇ ಸಲ. ಅವವೇ ಲೆಕ್ಕ ಬಾಯಿಪಾಠ ಆಗುತ್ತವೆ ಅಂತ ಮಗಳು ಪ್ರತಿ ಸಲ ಹೊಸ ಹತ್ತು ಬರೆದು ಕೊಡುತ್ತಿದ್ದಳು.

ಎರಡು ತಿಂಗಳಲ್ಲಿ ಚಿತ್ರ ಸಿಕ್ಕಿತು. ಶುಗರ್ 110ರಿಂದ 180ರ ಒಳಗಿದ್ದರೆ ಹತ್ತು ಲೆಕ್ಕಕ್ಕೆ ಎರಡು ನಿಮಿಷದ ಆಸುಪಾಸು. 70ರ ಕೆಳಗೆ ನಾಲ್ಕು ನಿಮಿಷ, ಎರಡೋ ಮೂರೋ ತಪ್ಪು. ಆ ಪುಟಗಳ ಅಂಚಲ್ಲಿ ನಾನೇ ಬರೆದಿದ್ದೆ: "ಇವತ್ತು ಚಲೋ ಆಯ್ತು." ನೋಡಿ, ಸುಸ್ತಾದ ತಲೆಗೇ ತನ್ನ ಸುಸ್ತು ಅಳೆಯೋ ಕೆಲಸ ಕೊಟ್ಟರೆ ಹೀಗೇ. ಮದುವೆ ಊಟದಲ್ಲಿ ಹೋಳಿಗೆ ಹೊಡೆದು ಬಂದ ದಿನ 290 ಇತ್ತು. ತಪ್ಪು ಒಂದೇ, ಆದರೆ ಕೆಸರಲ್ಲಿ ಕಾಲು ಎತ್ತಿ ಇಟ್ಟ ಹಾಗೆ ನಿಧಾನ. ಸಿಟ್ಟು ಬೇರೆ.

ನೋಟ್‌ಬುಕ್ ತಗೊಂಡು ಡಾಕ್ಟರ ಹತ್ತಿರ ಹೋದೆ. ಅವರು ಪುಟ ತಿರುವುತ್ತಾ ನಕ್ಕರು. ಮಿದುಳು ಮೈತೂಕದಲ್ಲಿ ಬರೀ 2 ಪರ್ಸೆಂಟ್, ಆದರೆ ಮೈಯ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಅದೇ ತಿನ್ನುತ್ತದಂತೆ. ಸಕ್ಕರೆ ಕೂಡಿಟ್ಟುಕೊಳ್ಳೋ ಗೋದಾಮು ಅದಕ್ಕೆ ಇಲ್ಲ ಅನ್ನುವಷ್ಟು ಸಣ್ಣದು, ಅದಕ್ಕೇ ರಕ್ತದಲ್ಲಿ ಶುಗರ್ ಇಳಿದರೆ ತಲೆ ಓಡೋದಿಲ್ಲ. ಗ್ಲಿಮೆಪಿರೈಡ್ ಮೈಯೊಳಗೆ ಶುಗರ್ ಇಳಿಸೋ ಇನ್ಸುಲಿನ್ ಹೊರಬರೋ ಹಾಗೆ ಮಾಡುತ್ತದೆ, ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ಕೇಳೋದಿಲ್ಲ. ಪದೇ ಪದೇ ಇಳಿದರೆ ಬೆವರು, ನಡುಕದ ಎಚ್ಚರಿಕೆಯೂ ಮಂಕಾಗುತ್ತದೆ. ನನಗೆ ಎಷ್ಟೋ ಸಲ ಏನೂ ಗೊತ್ತಾಗದೇ ಇದ್ದದ್ದು ಅದಕ್ಕೇ.

"ಹಂಗಾದ್ರ ಶುಗರ್ ಸ್ವಲ್ಪ ಮ್ಯಾಲೇ ಇಟ್ಟುಬಿಡೋಣ್ರೀ" ಅಂದೆ. ಅದಕ್ಕೂ ಬಿಡಲಿಲ್ಲ. ವರ್ಷಗಟ್ಟಲೆ ಏರಿಯೇ ಇದ್ದರೆ ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳ ಕೆಡೋ ಹಾಗೆ ಮಿದುಳಿನವೂ ಕೆಡುತ್ತವೆ, ಮುಂದೆ ಮರೆವಿನ ಕಾಯಿಲೆಯ ಅಪಾಯ ಜಾಸ್ತಿ ಅಂದರು. ಹಾಗಂತ ತೀರಾ ಕೆಳಕ್ಕೆ ಒತ್ತಿದರೆ ಬುದ್ಧಿ ಚುರುಕಾಗೋದೂ ಇಲ್ಲ. ಅಕಾರ್ಡ್ ಅನ್ನೋ ದೊಡ್ಡ ಅಧ್ಯಯನದಲ್ಲಿ, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿಯನ್ನು 6 ಪರ್ಸೆಂಟಿಗಿಂತ ಕೆಳಗೆ ತರಲು ಹೊರಟವರು 40 ತಿಂಗಳಾದ ಮೇಲೂ ಬುದ್ಧಿ ಪರೀಕ್ಷೆಯಲ್ಲಿ ಬೇರೆಯವರಿಗಿಂತ ಮುಂದೆ ಇರಲಿಲ್ಲ. 2011ರಲ್ಲಿ ಬಂದ ಫಲಿತಾಂಶ ಅದು.

ಗ್ಲಿಮೆಪಿರೈಡ್ ಅರ್ಧಕ್ಕೆ ಇಳಿಸಿದರು, ಅದೂ ತಿಂಡಿ ಜೊತೆಗೇ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡವರಿಗೆ ಬಿ12 ಕಮ್ಮಿಯಾಗಬಹುದು, ಅದರಿಂದಲೂ ಮರೆವು ಬರುತ್ತದೆ ಅಂತ ರಕ್ತ ಕಳಿಸಿದರು. ಕಮ್ಮಿಯೇ ಇತ್ತು. ಇಂಜೆಕ್ಷನ್ ಆದವು.

ಈಗ ಟೆಂಡರ್ ದಿನ ಬುತ್ತಿ ಬರುತ್ತದೆ, ರೊಟ್ಟಿ ಪಲ್ಯ. ಡ್ರಾವರ್‌ನಲ್ಲಿ ಸ್ಟ್ಯಾಂಪ್ ಪ್ಯಾಡ್ ಪಕ್ಕ ಸಕ್ಕರೆ ಡಬ್ಬಿ. 70ರ ಕೆಳಗೆ ಇಳಿದರೆ ಮೂರು ಚಮಚ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡುತ್ತೇನೆ. ಅಲ್ಲಿವರೆಗೆ ಪಟ್ಟಿ ಮುಟ್ಟೋದಿಲ್ಲ. ಹಮಾಲರಿಗೂ ಹೇಳಿಟ್ಟಿದ್ದೇನೆ. ನಾನು ಸುಮ್ಸುಮ್ನೆ ರೇಗಿದರೆ ಸಾಕು, "ಅಣ್ಣಾರ, ಡಬ್ಬಿ ತಗೀರಿ" ಅಂತಾರೆ.

ಕಳೆದ ಸೋಮವಾರ ಹತ್ತರಲ್ಲಿ ಎರಡು ಲೆಕ್ಕ ತಪ್ಪಿದವು. ಹೆದರಿ ಚುಚ್ಚಿ ನೋಡಿದೆ, 128. ಪಕ್ಕದ ಅಂಗಡಿಯವನು ಫೋನಿನಲ್ಲಿ ಕ್ರಿಕೆಟ್ ಹಚ್ಚಿಕೊಂಡು ಕೂತಿದ್ದ.