ವೇಷದ ಕವಚ, ಕಿರೀಟಗಳನ್ನು ಸಾಗಿಸುವವರಿಗೆ

ಅಕ್ಟೋಬರ್‌ನ ಕಿತ್ತೂರು ಉತ್ಸವಕ್ಕೆ ಬಾಗಲಕೋಟೆ ಕಡೆಯಿಂದ ಸೈನಿಕರ ವೇಷ ಹೊತ್ತು ಹೊರಡುವವರು ಇದನ್ನು ಓದಿಕೊಳ್ಳಿ. ದೊಡ್ಡಾಟದ ಮೇಳದವರಿಗೂ ಉಪಯೋಗವಾದೀತು.

ಎದೆಕವಚವನ್ನು ಅಂಗಾತ ಇಟ್ಟು, ಅದರ ಒಳಗಿನ ಟೊಳ್ಳಿನಲ್ಲಿ ಭುಜಕೀರ್ತಿ, ತೋಳುಪಟ್ಟಿಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಕೂಡಿಸಿ. ಅರ್ಧ ಜಾಗ ಉಳಿಯುತ್ತದೆ, ಕವಚವೂ ಚಪ್ಪಟೆಯಾಗುವುದಿಲ್ಲ. ಶಿರಸ್ತ್ರಾಣ, ಕಿರೀಟಗಳ ಒಳಗೆ ಬಟ್ಟೆ ತುರುಕಿ. ಬೇಗಡೆ ಹಚ್ಚಿದ ಕಡೆ ಸೆಲ್ಲೋಟೇಪ್ ಅಂಟಿಸಲೇಬೇಡಿ. ಬಿಡಿಸುವಾಗ ಬೇಗಡೆಯೂ ಸಿಪ್ಪೆಯಂತೆ ಎದ್ದು ಬರುತ್ತದೆ. ಮೆತ್ತನೆಯ ಲಾಡಿಯಿಂದ ಕಟ್ಟಿದರೆ ಸಾಕು.

ನಮ್ಮ ಭಾಗದಲ್ಲಿ ನಿಜವಾದ ಶತ್ರು ಬಿಸಿಲು. ಫೋಮ್ ಶೀಟಿನ ಕವಚವನ್ನು ಗ್ಲೂ ಗನ್ನಿನಿಂದ ಜೋಡಿಸಿದ್ದರೆ, ಕಿಟಕಿ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಅಂಟು ಮೆತ್ತಗಾಗಿ ಬೆಸುಗೆ ಬಿಚ್ಚಿಕೊಳ್ಳುತ್ತದೆ. ನೆರಳು ಹುಡುಕಿ ನಿಲ್ಲಿಸಿ. ಟೆಂಪೋದಲ್ಲಾದರೆ ಡೋಲು, ಧ್ವನಿವರ್ಧಕಗಳನ್ನು ಕೆಳಗಿಟ್ಟು ಕವಚದ ಪೆಟ್ಟಿಗೆಯನ್ನು ಮೇಲಿಟ್ಟು ಹಗ್ಗದಿಂದ ಬಿಗಿಯಿರಿ.

ಮರಳಿ ಬಂದ ರಾತ್ರಿ ಎಷ್ಟೇ ದಣಿವಾಗಿದ್ದರೂ ಒಳಭಾಗದ ಬೆವರನ್ನು ಒದ್ದೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಲು ಬಿಡಿ. ಹಸಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸು ಹಿಡಿಯುತ್ತದೆ, ಚರ್ಮದ ಪಟ್ಟಿಗಳಂತೂ ಕೆಟ್ಟೇ ಹೋಗುತ್ತವೆ. ಪೂರ್ತಿ ಆರಿದ ಮೇಲೆ ಹತ್ತಿ ಬಟ್ಟೆ ಹೊದಿಸಿ ಅಟ್ಟದ ಮೇಲಿಡಿ. ಆದರೆ ತಗಡಿನ ಮನೆಯ ಅಟ್ಟವಾದರೆ ಬೇಡ, ಮಂಚದ ಕೆಳಗೇ ಲೇಸು.

ಪೆಟ್ಟಿಗೆಯ ಮೂಲೆಯಲ್ಲಿ ಪಿನ್ನು, ಸೂಜಿ ದಾರ, ಅಂಟು, ಒಂದೆರಡು ಹೆಚ್ಚುವರಿ ಬಕಲ್ ಯಾವಾಗಲೂ ಇರಲಿ.